ಸೂಜಿಗಣ್ಣು

ಬೈರಾ ವಿಮಾನ ನಿಲ್ದಾಣದ ಪಟ್ಟಿ ಸುತ್ತಿ ಸುತ್ತಿ ನಿಂತಿತು.
ಹಗ್ಗ ಬಿಗಿದ ಯಾರದೋ ಕುಕ್ಕರು, ಒಂದು ಸೈಕಲ್ ಚಕ್ರ,
ಆಮೇಲೆ ಬರಿಯ ರಬ್ಬರು.
ನನ್ನ ಪೆಟ್ಟಿಗೆ ಬರಲಿಲ್ಲ.
ಮುನ್ನೂರ ಹನ್ನೆರಡು ಕನ್ನಡಕ ಅದರಲ್ಲಿ,
ಒಂದೊಂದಕ್ಕೂ ಹಳೆ ಬನಿಯನ್ನಿನ ಚೂರು ಸುತ್ತಿ
ನಂಬರು ಬರೆದು ಅಂಟಿಸಿದ್ದೆ.

ಗಾಜಿನಾಚೆಯ ಗುಮಾಸ್ತ ಚೀಟಿ ನೋಡಿದ, ನಕ್ಕ.
ನನ್ನ ಕಿವಿಗೆ ಕೇಳಿದ್ದು: ಅಮಾನ್ಯ.
ಚೀಟಿ ಅಮಾನ್ಯವೋ, ನಾನೇ ಅಮಾನ್ಯಳೋ
ತಿಳಿಯದೆ ನಿಂತೆ.
ಕರೆದೊಯ್ಯಲು ಬಂದಿದ್ದ ಹುಡುಗ ಅಬೀಲಿಯು
ಹರಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ:
ಹಾಗಂದರೆ ಇಲ್ಲಿ 'ನಾಳೆ'.

ಮರುದಿನ ಹೋದೆ. ಅದೇ ಗಾಜು, ಅದೇ ನಗು, ಅದೇ ಮಾತು.
ನಾನು ಚಿಕ್ಕವಳಿದ್ದಾಗ ನಮ್ಮ ಬೀದಿಯ ಬಾಗಿಲುಗಳ ಮೇಲೆ
ಸುಣ್ಣದಲ್ಲಿ ಬರೆದಿರುತ್ತಿತ್ತು, 'ನಾಳೆ ಬಾ',
ದೆವ್ವ ಓದಿಕೊಂಡು ಹಿಂದಿರುಗಲೆಂದು.
ಆಗೆಲ್ಲ ದೆವ್ವಕ್ಕೆ ಹೆದರುತ್ತಿದ್ದೆ.
ಪಾಪ, ಎಷ್ಟು ಸಲ ಬಂದು ಹೋಗಿತ್ತೋ ಏನೋ
ಅಕ್ಷರ ಬಲ್ಲ ಆ ಬಡಪಾಯಿ.

ಸಮುದ್ರಕ್ಕಿಂತ ಒಂದು ಗೇಣು ತಗ್ಗಿನಲ್ಲಿದೆ ಅನ್ನಿಸುವ ಊರು.
ಭರತ ಏರಿದರೆ ಚರಂಡಿ ಹಿಂದಕ್ಕೆ ಹರಿಯುತ್ತದೆ,
ಏಡಿಮರಿ ರಸ್ತೆ ದಾಟುತ್ತದೆ,
ಮಿನಿಬಸ್ಸು ನಿಲ್ಲುವುದಿಲ್ಲ.
ಒಣಸೀಗಡಿ, ಡೀಸೆಲು, ಮಾವಿನ ಸಿಪ್ಪೆ.
ಮಾಡುಗಳ ಮೇಲೆ ಅಲ್ಲಲ್ಲಿ ಹೊಳೆಯುವ ತಗಡು:
ಬಿರುಗಾಳಿ ಎಲ್ಲೆಲ್ಲಿ ಕಿತ್ತಿತ್ತೆಂದು
ಹೊಸತೇ ತೋರಿಸಿಕೊಡುತ್ತದೆ.

ದವಾಖಾನೆಯ ದೋನಾ ಎರ್ಮೆಲಿಂದಾ,
ಸೊಂಟದ ಬಣ್ಣದ ಬಟ್ಟೆಯ ತುದಿಗೆ ಬೀಗದಕೈ ಕಟ್ಟಿಕೊಂಡವಳು,
ಕೇಳಿದಳು, ಏನು ತಂದೆ?
ಎರಡೂ ಕೈ ತೋರಿಸಿದೆ.
ತಿರುಗಿಸಿ ಉಗುರು ನೋಡಿದಳು,
ಅಡುಗೆಮನೆಗೆ ಕಳಿಸಿದಳು.

ಸೇವೆಗೆಂದು ಬಂದವಳು ಎರಡು ದಿನ ಉಂಡೆ.
ಶಿಮಾ, ನಮ್ಮ ಮುದ್ದೆಗೆ ದೂರದ ಬಿಳಿಯ ನೆಂಟ.
ಮುರಿದು, ಸಾರಿಗದ್ದಿ, ಗುಳುಕ್ಕನೆ ನುಂಗಿದೆ.
ಇಡೀ ಅಡುಗೆಮನೆ ಕೈ ನಿಲ್ಲಿಸಿ ನೋಡಿತು:
ಹಲ್ಲಿಲ್ಲವೇ ಇವಳಿಗೆ?

ಮೂರನೆಯ ದಿನ, ಎದುರು ಜಗಲಿಯಲ್ಲಿ
ದರ್ಜಿ ಜೆಫೆರೀನು ಸೂಜಿಯನ್ನು ಸೂರ್ಯನಿಗೆ ಹಿಡಿದಿದ್ದ.
ದಾರ ನೆಕ್ಕಿದ, ಚುಚ್ಚಿದ, ಗಾಳಿಗೆ ಚುಚ್ಚಿದ,
ಸೂಜಿಗೂ ಸೂರ್ಯನಿಗೂ ಒಟ್ಟಿಗೆ ಬೈದ.
ಶಾಲೆಗೆ ರಜೆ. ಪೋಣಿಸಿ ಕೊಡುವ ಮಕ್ಕಳಿಲ್ಲ.
ರಸ್ತೆ ದಾಟಿ ಹೋಗಿ
ದಾರ ಇಸಿದುಕೊಂಡೆ.
ಒಂದೇ ಸಲಕ್ಕೆ ತೂರಿತು.
ಅವನು ಮಾತಾಡದೆ ಕಾಲರಿನಿಂದ
ಇನ್ನೂ ಏಳು ಸೂಜಿ ಕಿತ್ತು ಕೊಟ್ಟ.

ಸುದ್ದಿಗೆ ಕಾಲು ಬಂತು.
ಜಡೆಗೆ ಜಡೆ ಹೊಲಿಯುವ ಒದೆತ್ತಿ ಬಂದಳು,
ದೋಣಿಯ ಹಾಯಿಗೆ ತೇಪೆ ಹಾಕುವ ಅಣ್ಣತಮ್ಮ ಬಂದರು,
ಇಗರ್ಜಿಯ ಮುದುಕಿ ಗೋಣಿಸೂಜಿಯೊಂದನ್ನು ತಂದಳು,
ಅದರ ಕಣ್ಣಲ್ಲಿ ಏಡಿಯೂ ತೂರುತ್ತಿತ್ತು,
ಆದರೂ ಪೋಣಿಸಿಕೊಟ್ಟೆ.
ಕೂತು ಹೋಗಲೆಂದು ಬಂದಿದ್ದಳು, ಕೂತಳು.

ಐದನೆಯ ದಿನ ಪೆಟ್ಟಿಗೆ ಬಂತು,
ಬೀಗ ಮುರಿದು, ಒಂದು ಗಾಲಿ ಕಳೆದು.
ಎಣಿಸಿದೆ. ಮುನ್ನೂರ ಒಂಬತ್ತು.
ಯಾವುದೋ ನಿಲ್ದಾಣದಲ್ಲಿ ಯಾರೋ ಮೂವರು
ಇವತ್ತು ಪತ್ರಿಕೆ ಓದುತ್ತಿರಬೇಕು.

ಮೊದಲ ಜೋಡಿ ಜೆಫೆರೀನುವಿನ ಮೂಗಿಗೆ.
ಅವನು ಮೊದಲು ನೋಡಿದ್ದು ನನ್ನನ್ನು.
ಉದ್ದಕ್ಕೆ ಏನೋ ಹೇಳಿದ,
ಅಬೀಲಿಯು ನಾಲಗೆ ಕಚ್ಚಿಕೊಂಡು ತಿಳಿಸಿದ:
ಇಷ್ಟು ವಯಸ್ಸಾಗಿದೆಯೇ ಈಕೆಗೆ!
ಹುಡುಗಿಯೆಂದು ತಿಳಿದು ಗದರಿಸಿಬಿಟ್ಟೆನಲ್ಲ.

ಆಮೇಲೆ ಬೀದಿ ನೋಡಿದ, ಸಮುದ್ರದ ಕಡೆ ನೋಡಿದ,
ತನ್ನ ಅಂಗಿಯ ತೋಳು ನೋಡಿದ.
ಅಲ್ಲೇ ನಿಂತ.
ಹಗ್ಗಕ್ಕೆ ತೂಗಿದ್ದ ಮದುವೆಯ ಕೋಟನ್ನು ಇಳಿಸಿ
ಹೊಲಿಗೆಯ ಮೇಲೆ ಬೆರಳು ನಡೆಸಿದ, ಸೊಟ್ಟ, ಸೊಟ್ಟ,
ಅಮಲಿನಲ್ಲಿ ಮನೆಗೆ ಹೋದವನ ಹೆಜ್ಜೆ ಹಾಗೆ.
ಯಾರೂ ಹೇಳಿರಲಿಲ್ಲ ಅವನಿಗೆ,
ಇಷ್ಟು ವರ್ಷ, ಇಡೀ ಬೀದಿ ತೊಟ್ಟುಕೊಂಡೇ ತಿರುಗಿತ್ತು.

ಕೂತು ಬಿಚ್ಚತೊಡಗಿದ, ಒಂದೊಂದೇ ಎಳೆ.
ಕತ್ತಲಾಗುವ ಹೊತ್ತಿಗೆ, ತಲೆಯೆತ್ತದೆ,
ಕನ್ನಡಕ ಮೂಗಿನ ಮೇಲೇ ಇರುವಾಗ,
ಬರಿಸೂಜಿ ಹಿಡಿದ ಕೈಯನ್ನು
ನನ್ನ ಕಡೆಗೆ ಚಾಚಿದ.