ಒತ್ತು

ಬೆಟಗೇರಿಯೊಳಗ ನಮ್ಮ ಗಿರಣಿ.
ಹತ್ತು ಎಚ್‌ಪಿ ಮೋಟರು, ಜ್ವಾಳಕ್ಕೊಂದು ಕಲ್ಲು, ಖಾರಕ್ಕೊಂದು.
ಸಂಜಿ ನಾಕಕ್ಕ ಕರೆಂಟು ಬಂದರ
ಡಬ್ಬಿಗಳ ಪಾಳಿ ಬಾಗಲಾ ದಾಟಿ ಗಟಾರದ ತನಕ.
ಹಿರೇರು ಡಬ್ಬಿ ಇಟ್ಟು ಹೋಗತಾರ,
ಹುಡುಗರು ಕಾಯತಾವ.

ನಾ ಓದಿದ್ದು ಏಳನೆತ್ತ. ಸಾಲಿ ಕಲಿಸೂ ಬಾಯಿ ನಂದಲ್ಲ.
ಆದರ ಮೋಟರಿನ ಸದ್ದಿನಾಗ ಮಂದಿ ಹೆಸರು ಒದರಿ ಒದರಿ
ಒಂದು ಗೊತ್ತಾಗೇತಿ:
ತುಂಡು ಮಾಡಿ ಒದರಿದರ ದೂರ ಕೇಳತೈತಿ.
ಲ! ಲಿ! ತಾ!
ದಾ! ವ! ಲ! ಬಿ!
ತುಂಡಿಗೊಂದು ಚಪ್ಪಾಳಿ ಹುಡುಗರದು.

ಒಂದಿನ ನಡುವ ಕರೆಂಟು ಹೋತು.
ಕಲ್ಲು ನಿಂತರೂ ಕಿವ್ಯಾಗಿಂದು ನಿಲ್ಲಲಿಲ್ಲ.
ಗಿರಣಿ ಅನ್ನರಿ, ಅಂದೆ.
ಗಿ! ರ! ಣಿ!
ನಡುವಿನ ರ ನುಂಗ್ರಿ. ಏನ ಉಳೀತು?
ಯಾರೂ ಉಸುರು ಬಿಡಲಿಲ್ಲ.
ಆಮ್ಯಾಲ ಮೂಲ್ಯಾಗಿಂದ,
ಕಂಡಿಕಿ ಸುತ್ತೂ ಬನಶಂಕರಿ ಮಗ ಚಿದಾನಂದ,
ಮೂಗಿನ ತುದಿಗೆ ಹಿಟ್ಟು,
ಗಿ… ಣಿ
ಅಂದಾಂವನ ಬೆಚ್ಚಿ, ಮ್ಯಾಲ ತೊಲಿ ನೋಡಿದ,
ಖರೇನ ಹಾರಿ ಕುಂತೈತೇನೋ ಅಂತ.

ಈ ಚಿದ್ಯಾ ಬಲು ಹುಷಾರ ಅಂತ ತಿಳಕೊಂಡಿದ್ದೆ.
ಡಬ್ಬಿ ತೋರಿಸಿದರ ಸಾಕು, ಪಟಪಟ ಹೆಸರು.
ಹೆಸರು ಬರದದ್ದು ಮುಚ್ಚಳದ ಮ್ಯಾಲ.
ಲಲಿತಾ ಬಾಕಳೆ ಮುಚ್ಚಳ ದಾವಲಬಿ ಡಬ್ಬಿಗೆ ಹಾಕಿ ಕೇಳಿದೆ.
ದಾವಲಬಿ, ಅಂದ.
ಅಂವ ಓದತಿದ್ದಿಲ್ಲ,
ಡಬ್ಬಿ ನೆಗ್ಗು ನೋಡತಿದ್ದ.
ಬೈಲಿಲ್ಲ ನಾ. ಅದಕ್ಕೂ ಕಣ್ಣು ಬೇಕು.
ಮುಚ್ಚಳದ ಮ್ಯಾಲ ಕುಂತ ಧೂಳಹಿಟ್ಟಿನಾಗ
ಅವನ ಬಟ್ಟು ಹಿಡದು ತಿರುವಿದೆ: ಲ.
ಊದಿದ. ಮತ್ತ ತಾನ ತಿರುವಿದ.
ಮಳಿಗಾಲ ಕಳೀತು ಹಿಂಗ, ಊದೂದು, ತಿರುವೂದು.

ಒತ್ತು ಬಂದಾಗ ಮಕಾಡಿ ಬಿದ್ದ.
ಕಲ್ಲು ಬರದರ ಕಲು ಅನ್ನತಾನ.
ನಮ್ಮತ್ತೀ ಬೀಸೂಕಲ್ಲು ಇತ್ತು, ಬಾಗಲಾ ಬಡೀದಂಗ ಆಸರ ಕೊಟ್ಟಿದ್ದೆ,
ಎಳಕೊಂಡು ಬಂದು ತೋರಿಸಿದೆ:
ನೋಡ, ಮ್ಯಾಲೊಂದು ಲ, ಕೆಳಗೊಂದು ಲ,
ನಡುವ ನಾಲಿಗಿ ಸಿಗಬೇಕು, ಜ್ವಾಳ ಸಿಕ್ಕಂಗ.
ಕಲ್… ಲು.
ಸಿಕ್ಕಿತು ನಾಲಿಗಿ.
ಹಲ್ಲು ಅಂತ ಓದಸೋಣ ಅಂದರ
ಮುಂದಿನವು ಎರಡು ಬಿದ್ದಿದ್ದವು.

ಮೊನ್ನೆ ಸೋಮಾರ. ಪಾಳಿ ಉದ್ದ.
ಚಿದ್ಯಾ ಹೊರಗ ನಿಂತು, ಕುತಿಗಿ ಮ್ಯಾಲ ಮಾಡಿ,
ಗಾಳ್ಯಾಗ ಬಟ್ಟಿಟ್ಟು ನಮ್ಮ ಬೋರ್ಡು ಓದಾಕತ್ತಿದ್ದ.
ಹಿ. ಟಿ. ನ. ಗಿ. ರ. ಣಿ.
ಹಿಟ್ಟಿನ ಅನ್ನಲೇ ಹುಚ್ಚಾ, ಅಂದರು ಹಾದಿಮನಿ ಮಾಸ್ತರು.
ಪಾಳ್ಯಾಗಿನವರು ನಕ್ಕರು.
ಹಿಟಿನ, ಅಂದ ಮತ್ತ.
ಕಣ್ಣಾಗ ನೀರು ಬಂದಿದ್ದವು. ಬಟ್ಟು ಇಳಸಲಿಲ್ಲ.

ಮೋಟರ್ ಬಂದ್ ಮಾಡಿ ಹೊರಗ ಬಂದೆ.
ಬಿಸಲಿಗೆ ಕೈ ಅಡ್ಡ ಹಿಡದು ನೋಡಿದೆ.
ಹದಿಮೂರು ವರ್ಷದ ಬೋರ್ಡು.
ಪೇಂಟರ್ ಒತ್ತು ಬಿಟ್ಟಿದ್ದ.

ಇದರ ಕೆಳಗ ಎಷ್ಟು ಮಂದಿ ಹಾದು ಹೋದರು.
ಲೈಟ್ ಬಿಲ್ಲಿನಾಂವ, ಪಂಚಾಂಗದ ಭಟ್ಟರು,
ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿದ ಮಾಸ್ತರು,
ಮತ್ತ ನಾನು, ದಿನಾ ಮುಂಜಾನೆ ಇದಕ್ಕ ಊದಿನಕಡ್ಡಿ ಬೆಳಗಾಕಿ.
ಎಲ್ಲಾರೂ ನೆಗ್ಗು ನೋಡಿದಿವಿ.

ಸ್ಟೂಲು ತಂದೆ. ಮಾಸ್ತರು ಮಾತಾಡಲಿಲ್ಲ,
ಬಂದು ಸ್ಟೂಲಿನ ಕಾಲು ಹಿಡದರು.
ನೀರಾಗ ಹಿಟ್ಟು ಕಲಸಿ ಕೊಟ್ಟೆ.
ಚಿದ್ಯಾ ತುದಿಗಾಲಾಗ ನಿಂತು
ಟಿ ಕೆಳಗ ಒಂದು ಒತ್ತು ಮೆತ್ತಿದ, ಸೊಟ್ಟ,
ಬಾಲ ಗೋಡಿಗೆ ಹರೀತು.

ರಾತ್ರಿ ಇರುವಿ ತಿಂದವು.
ಮುಂಜಾನೆ ಸಾಲಿಗೆ ಹೋಗೂ ಮುಂದ ಹಣಿಕಿ ಹಾಕಿ
ಅಕ್ಕಾ, ಮತ್ತ ಹಿಟಿನ ಆಗೇತಿ, ಅಂದ.
ಪೇಂಟರಿಗೆ ಹೇಳಿ ಕಳಸಬೇಕು ಒಂದಿನ.
ಅವಸರಿಲ್ಲ.
ಬೊಗಸಿ ಹಿಟ್ಟು ತಗೊಂಡು
ಕಲಸಾಕ ಕುಂತೆ.