ಖಾಲಿ ಗಾಡಿಯ ತೂಕ

ನವೆಂಬರಿನ ಕಡೇ ಭಾನುವಾರ ಮಂಡ್ಯದ ಚರ್ಚಿನಲ್ಲಿ
ಸ್ವಾಮಿಯವರು ಲೋಕದ ಕೊನೆಯನ್ನು ಓದುತ್ತಿದ್ದರು.
ಸೂರ್ಯ ಕಪ್ಪಾಗುವುದು, ಚುಕ್ಕಿ ಉದುರುವುದು,
ಬಲಕ್ಕೆ ಕುರಿ, ಎಡಕ್ಕೆ ಆಡು.
ಹೊರಗೆ ಕಬ್ಬಿನ ಲಾರಿಗಳ ಹಾರ್ನು.
ಅಪ್ಪನ ಒಂದು ಕಿವಿ ಯಾವಾಗಲೂ ಆ ಕಡೆಗೇ.

ಮೂವತ್ತೊಂದು ವರ್ಷ ಅವನು ಕಾರ್ಖಾನೆಯ ತೂಕದ ಮನೆಯಲ್ಲಿದ್ದ.
ಗೋಡೆಗೆ ತಕ್ಕಡಿ ಹಿಡಿದ ಮಿಕೇಲ ದೂತ,
ಪಕ್ಕದಲ್ಲೇ ಯಾರೋ ಅಂಟಿಸಿ ಹೋದ ನಿಮಿಷಾಂಬೆ.
ದೂತನ ಕಾಲಡಿ ಸೈತಾನ,
ಅಪ್ಪನ ಕಾಲಡಿ ಬೀಡಿ ತುಂಡು.

ಒಂದು ಗಾಡಿಯನ್ನು ಎರಡು ಸಲ ತೂಗಬೇಕು, ಹೇಳುತ್ತಿದ್ದ,
ಬರುವಾಗ ತುಂಬಿದ್ದು,
ಹೋಗುವಾಗ ಖಾಲಿ.
ಮೊದಲನೆಯದು ಬರೀ ಜಂಬ ಕಣವ್ವ.
ಖಾಲಿ ಗಾಡಿ ಹತ್ತದೆ
ಯಾರ ಲೆಕ್ಕವೂ ಮುಗಿಯುವುದಿಲ್ಲ.

ಚೌರಪ್ಪ ಮಾವ ಹೊಸ ಸಭೆ ಸೇರಿದ ಮೇಲೆ
ದಾನಿಯೇಲನ ವಾರಗಳನ್ನು ಕ್ಯಾಲ್ಕುಲೇಟರಿಗೆ ಹಾಕಿ
ಲೋಕ ಮುಗಿಯುವ ವರ್ಷ ತೆಗೆದ.
ಅದು ದಾಟಿತು. ಇನ್ನೊಂದು ತೆಗೆದ, ಅದೂ ದಾಟಿತು.
ಮೂರನೆಯದಕ್ಕೆ ಮಗಳ ಮದುವೆ ಅಡ್ಡ ಬಂದು
ಒಂದು ವರ್ಷ ಮುಂದೆ ಹಾಕಿಕೊಂಡ.
ದಿನ ಇರಲಿ ಭಾವ, ಅಪ್ಪ ಕೇಳಿದ,
ಆ ದಿನ ಕಾಟಾ ಮೇಲೆ ಕೂರೋನು
ರಾತ್ರಿ ಪಾಳಿ ಮಾಡಿ ನಿದ್ದೆಗೆಟ್ಟಿರ್ತಾನಾ?

ಯಾಕೆ ಕೇಳಿದನೆಂದು ನನಗೊಬ್ಬಳಿಗೇ ಗೊತ್ತಿತ್ತು.
ಜಪದ ಪುಸ್ತಕದಲ್ಲಿ, ಪಾಪನಿವೇದನೆಯ ಪುಟದಲ್ಲಿ,
ಹಳದಿಗಟ್ಟಿದ ಚೀಟಿ:
ಬೋರಯ್ಯ, ಕೊತ್ತತ್ತಿ. ಎತ್ತಿನ ಗಾಡಿ.
ಸೋಗೆಗೆ ಕಳೆ: ಮೂವತ್ತು ಕೆಜಿ.
ಸೋಗೆ ಇರಲಿಲ್ಲ. ರಾತ್ರಿ ಮೂರು ಗಂಟೆ, ತಲೆ ಸಿಡಿತ,
ಬೋರಯ್ಯ ಏನೋ ಎದುರು ಮಾತಾಡಿದ್ದ, ಅಷ್ಟೇ.
ಸ್ವಾಮಿಯವರು ಎಂದೋ ಕ್ಷಮಿಸಿ
ಹತ್ತು ಮಣಿ ಜಪ ಹೇಳಿಸಿದ್ದರು.
ಆದರೆ ಮೂವತ್ತು ಎಂಬ ಸಂಖ್ಯೆಯನ್ನು
ನಮ್ಮ ಜನ ಹಗುರಾಗಿ ಹೇಳುವುದಿಲ್ಲ.
ಬೆಳ್ಳಿಯಲ್ಲಿ ಒಮ್ಮೆ ಎಣಿಸಿದ್ದಾರಲ್ಲ ಅದನ್ನು.

ಪಿಂಚಣಿ ಬಂದ ಮೊದಲ ತಿಂಗಳು
ಬಿಳಿ ಅಂಗಿ ತೊಟ್ಟು ಕೊತ್ತತ್ತಿಗೆ ಹೊರಟ. ನಾನೂ ಹೋದೆ.
ಬೋರಯ್ಯ ಜಗಲಿಯಲ್ಲಿ ಕಡ್ಲೆಕಾಯಿ ಸುಲಿಯುತ್ತಿದ್ದ.
ಅಪ್ಪ ಚೀಟಿ ಬಿಚ್ಚಿ, ನಿಂತೇ, ಪೂರ್ತಿ ಓದಿದ,
ಕೆಳಗಿಳಿಸಿದ್ದ ಮಡಿಕೆಯ ಗೆರೆಯನ್ನೂ ಬಿಡದ ಹಾಗೆ.

ಬೋರಯ್ಯ ಚೀಟಿಯನ್ನಲ್ಲ, ಅಪ್ಪನ ಮುಖವನ್ನು ನೋಡಿದ.
ಆಮೇಲೆ ನಗು ಶುರುವಾಯಿತು ನೋಡಿ, ಕೆಮ್ಮಿಗೆ ತಿರುಗುವ ತನಕ.
ಅವತ್ತು ಬೂದನೂರು ಕೆರೆ ತಾವ ಗಾಡಿ ನಿಲ್ಸಿ
ಎರಡು ಕೊಡ ನೀರು ಸುರ್ದಿದ್ದೆ ಕಣ್ ಸ್ವಾಮಿ ಕಬ್ಬಿನ ಮ್ಯಾಕೆ!
ನಿನ್ ಕಾಟಾ ಸರ್ಯಾಗೇ ಹೇಳೈತೆ, ಕೂತ್ಕೊ.

ಒಂದು ಕೊಡಕ್ಕೆ ಹದಿನೈದು ಲೀಟರು.
ಗುಣಿಸಿ ನೋಡಿದೆ, ಬಾಯಿ ಬಿಡಲಿಲ್ಲ.

ಬಸ್ಸಿನಲ್ಲಿ ಅಪ್ಪ ಚೀಟಿಯನ್ನು ಮಂಡಿಯ ಮೇಲಿಟ್ಟು
ಅದರ ಮೇಲೆ ಕೈಯಿಟ್ಟು ಕೂತ.
ತಪ್ಪು ಸರಿಯಾಗಿ ಹೊಂದಿಕೊಂಡ ಮಾತ್ರಕ್ಕೆ
ತಪ್ಪು ಮಾಡಿದವನು ಎಲ್ಲಿ ಹೋಗುತ್ತಾನೆ?
ನಾನು ನೀರು ನೋಡಿ ಕಳೆದಿರಲಿಲ್ಲವಲ್ಲ, ಅಂದ,
ಊರು ಬರುವಾಗ, ಕಿಟಕಿಗೆ.
ತೀರ್ಪಿಗೆಂದು ಶುಭ್ರವಾಗಿ ಹೋದವನನ್ನು
ಕಡ್ಲೆಕಾಯಿ ಕೊಟ್ಟು ಕಳಿಸಿದ್ದರು.

ಕೊನೆಯ ಕಾಯಿಲೆಯಲ್ಲಿ ಹೆದರಲಿಲ್ಲ.
ಆಸ್ಪತ್ರೆಯ ನರ್ಸು ತೂಕದ ಯಂತ್ರಕ್ಕೆ ಹತ್ತಿಸಿದಾಗ
ಮುಳ್ಳು ನಿಲ್ಲುವವರೆಗೂ ಉಸಿರು ಹಿಡಿದಿದ್ದ.
ನಲವತ್ತೊಂದು. ತಲೆಯಾಡಿಸಿದ,
ದಿನವೂ ನೋಡಿದ ಗುರುತಿನ ಅಂಕಿಯ ಹಾಗೆ.

ಮಣ್ಣಿಗೆ ಬೋರಯ್ಯನೂ ಬಂದಿದ್ದ.
ಶಿಲುಬೆ ಗುರುತು ಹೇಗೆಂದು ತಿಳಿಯದೆ
ಅಕ್ಕಪಕ್ಕ ನೋಡಿ, ಹಣೆ ಮುಟ್ಟಿ ಬಿಟ್ಟ.
ಮೂರು ಹಿಡಿ ಮಣ್ಣು, ಒದ್ದೆಯದು, ಹಾಕಿದ.

ಸಮಾಧಿಯ ಗೇಟಿನಿಂದ ಹೊರಗೆ
ಪೆಟ್ಟಿಗೆ ಹೊತ್ತು ಬಂದಿದ್ದ ಆರು ಮಂದಿ
ಭುಜ ಉಜ್ಜಿಕೊಳ್ಳುತ್ತಾ ಹಿಂದಿರುಗುತ್ತಿದ್ದರು.
ತುಂಬಿ ಹೋಗಿದ್ದವರು, ಖಾಲಿ.
ಕಳೆಯುವ ಲೆಕ್ಕ ನನಗೆ ಬರುತ್ತದೆ.
ರಸ್ತೆಯಲ್ಲಿ ಲಾರಿಯೊಂದು ಹಾರ್ನು ಹೊಡೆದು
ಸರದಿ ಕಾಯುತ್ತಿತ್ತು.