ಬಾಗಿಲವಾಡ

ಮೊದಲ ಬಾಗಿಲಾ ಹುಡುಕು, ಅಂದಿದ್ದ ಮೌಲಾಸಾಬ ಮಾಮಾ,
ಮಂದಿ ಆಮ್ಯಾಲೆ ತಾವ ಬರ್ತಾರ.
ಕತ್ತಲೆ ಕೋಣೆಯ ಹೈಪೋ ವಾಸನೆಯಲ್ಲಿ
ಹಳೇ ಲಗ್ನಪತ್ರಿಕೆಯ ರಟ್ಟಿಗೆ ಬ್ಲೇಡು ಹಾಕಿ
ಬೆಂಕಿಪೊಟ್ಟಣದಷ್ಟು ಕಿಟಕಿ ಕೊರೆದು ಕೈಗಿಟ್ಟ:
ಒಂದ ವರ್ಷ ಇದ ನಿನ್ನ ಕ್ಯಾಮೆರಾ.

ಆ ವರ್ಷ ಬಾಗಲಕೋಟೆ ಪೂರಾ ರಟ್ಟಿನ ತೂತಿನೊಳಗಿತ್ತು.
ಬೇವಿನ ಎರಡು ಟೊಂಗೆ ಕೂಡುವಲ್ಲಿ ಒಂದು ಮುಕ್ಕೋನ,
ಅದರೊಳಗೆ ಘಟಪ್ರಭೆ, ಅದರೊಳಗೆ ಎಮ್ಮೆ ತಿಕ್ಕುವ ಹುಡುಗ.
ಮಗ್ಗದ ಎಳೆಗಳ ಸಂದು. ಬಸ್ಸಿನ ಒಡಕು ಗಾಜು.
ಬಾದಾಮಿಗೆ ಹೋದಾಗ ಸಿಡಿಲಫಡಿಯ ಬಂಡೆಗಮಾನು,
ಯಾವ ಗೌಂಡಿಯೂ ಕಟ್ಟದ ಬಾಗಿಲು;
ಗಾಳಿ ನೀರು ಕೂಡಿ ಎಷ್ಟು ಸಾವಿರ ವರ್ಷ ತೇದು
ಒಂದು ತುಂಡು ಆಕಾಶಕ್ಕೆ ಅಳತೆ ತೆಗೆದಿದ್ದವೋ.
ಬಂಡಿ ಕಪ್ಪಾಗ್ಲಿ ಬಿಡು, ಅಂದ ಮಾಮಾ,
ಬೆಳಕಿನ ಲೆಕ್ಕ ಆಚಿಕಿನದಕ್ಕ ಹಾಕು.

ಆಮೇಲೆ ಆಫೀಸಿನ ಕೆಲಸ ಬಂತು.
ಮುಳುಗುವ ಮನೆಗಳ ಪಟ್ಟಿ, ಮನೆಗೊಂದು ಫೋಟೋ,
ಬಾಗಿಲಲ್ಲಿ ಮಾಲಕರು, ಎದೆಗೆ ಪಾಟಿ, ಪಾಟಿಯಲ್ಲಿ ನಂಬರು.
ಮುಖ ಕಾಣಬೇಕು, ನಂಬರು ಕಾಣಬೇಕು,
ಚಂದ ಬೇಕಾಗಿಲ್ಲ, ಅಂದರು ಸಾಹೇಬರು.
ಚಂದ ತಾನೇ ಬರುತ್ತಿತ್ತು, ನನ್ನ ತಪ್ಪಲ್ಲ.
ಸಾಗವಾನಿ ಬಾಗಿಲವಾಡ, ನೆತ್ತಿಗೆ ಕೆತ್ತಿದ ಜೋಡಿ ಗಿಳಿ,
ಹೊಸ್ತಿಲಿಗೆ ಅರಿಷಿಣ, ನಡುವೆ ಮನುಷ್ಯ.
ಯಾವ ಕಾಲದ ಯಾವ ಬಡಿಗೇರನೋ
ನನ್ನ ಕೆಲಸ ಮುಗಿಸಿಟ್ಟೇ ಹೋಗಿದ್ದ.

ನಾನೂರಾ ಹದಿನೇಳು, ಸರಸೂಬಾಯಿ ಕಾಟವಾ.
ಪಾಟಿ ಹಿಡಿದು ನಿಂತಳು, ನಂಬರಿನ ಫೋಟೋ ಆಯಿತು.
ತಡಿ ತಮ್ಮಾ, ಅಂದು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.
ನಾ ಎಲ್ಲಿದ್ರೂ ಇರ್ತೀನಿ. ನನ್ನ ಹಿಂದ ಐತೆಲ್ಲ,
ಅದನ್ನೊಂದ ತಗಿ.

ತಲೆಬಾಗಿಲ ಹಿಂದೆ ಪಡಸಾಲೆಯ ಬಾಗಿಲು,
ಅದರಾಚೆ ಅಡಿಗೆಮನೆಯದು, ಅದರಾಚೆ ಹಿತ್ತಲಿನದು,
ಕಡೆಗೆ ಅಂಗೈಯಷ್ಟು ಬಿಸಿಲು,
ಬಿಸಿಲಲ್ಲಿ ಒಂದು ತಾಮ್ರದ ಹಂಡೆ.
ನಾಲ್ಕು ಕತ್ತಲೆ ದಾಟಿ ಹೊಳೆಯುತ್ತಿತ್ತು, ಮೊನ್ನೆ ಕಲಾಯಿ ಆಗಿರಬೇಕು.
ಆಫೀಸಿನ ರೀಲು. ಲೆಕ್ಕದಲ್ಲಿ ತೋರಿಸಲಿಲ್ಲ.

ನೀರಿಗಿಂತ ಮೊದಲು ಹಾರೆಗಳು ಬಂದವು.
ಗೋಡೆ ಬಿಟ್ಟರು, ಬಾಗಿಲವಾಡ ಕಿತ್ತರು.
ಟ್ರ್ಯಾಕ್ಟರಿನಲ್ಲಿ ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿದಿದ್ದರು,
ನಾನು ಹಿಂದೆ ಸೈಕಲ್ಲಿನಲ್ಲಿ.
ಗಿಳಿಗಳ ಕೆಳಗೆ ಹಾದುಹೋದವು
ಜಾಲಿಕಂಟಿ, ಪೆಟ್ರೋಲ್ ಪಂಪು, ಕುರಿಹಿಂಡು,
ಒಂದು ಕ್ಷಣ ಡ್ರೈವರನ ಹೆಗಲ ಮೇಲಿನ ಟಾವೆಲ್ಲು;
ಒಂದೇ ಬಾಗಿಲು, ಯಾರನ್ನೂ ಒಳಗೆ ಉಳಿಸಿಕೊಳ್ಳದೆ.

ಹಿಂದಿರುಗಿದಾಗ ಓಣಿಯ ಗೋಡೆಗಳಲ್ಲಿ ಬರೀ ತೂತು,
ಮೊಂಡು ಬ್ಲೇಡಿನಿಂದ ಹರಿದ ರಟ್ಟಿನ ಹಾಗೆ.
ಆಚೆ ನೀರು, ಪಡಸಾಲೆಯವರೆಗೆ.
ಬೆಳಕಿನ ಲೆಕ್ಕ ನೀರಿಗೆ ಹಾಕಿದೆ, ಗೋಡೆ ಕಪ್ಪಾಯಿತು.
ಮಾಮಾ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ.
ಅದನ್ನು ಇವತ್ತಿಗೂ ಯಾರಿಗೂ ತೋರಿಸಿಲ್ಲ.

ನವನಗರಕ್ಕೆ ಕರೆಸಿದ್ದಳು ಸರಸೂಬಾಯಿ.
ಸ್ಲ್ಯಾಬಿನ ಎತ್ತರಕ್ಕೆ ಸಾಗವಾನಿ ನಾಲ್ಕು ಬೆರಳು ಉದ್ದವಾಗಿ
ಕಾಲಲ್ಲಿ ಗರಗಸ ಆಡಿಸಿದ್ದರು; ಗಿಳಿ ಉಳಿದಿದ್ದವು.
ರಸ್ತೆಯ ಆ ಬದಿ ನಿಂತು ಕಣ್ಣಿಗೆ ಕ್ಯಾಮೆರಾ ಹಚ್ಚಿದೆ.
ಏನ್ ಕಾಣತೈತಿ?
ಒಂದ ಖೋಲಿ, ಅವ್ವಾ. ಆಮ್ಯಾಲೆ ಗ್ವಾಡಿ.
ಹಂಡೆ?
ಕಾಣವಲ್ದು.

ಒಳಗೆ ಹೋದಳು. ಸೀರೆ ಬದಲಿಸಿದಳೇನೋ, ತಡವಾಯಿತು.
ಬಂದು ಗಿಳಿಗಳ ಕೆಳಗೆ ನಟ್ಟನಡುವೆ ನಿಂತಳು.
ಹಂಗಾರ ಈಗ ನನ್ನ ತಗಿ.